ಎಳೆ ಎಣಿಸುವ ಸುಖ

ಕಸೂತಿಗೆ ಕೂಡಲು ಬೇಕಾಗುವುದು ಬಹಳ ಕಡಿಮೆ. ಒಂದು ಸೂಜಿ, ನಾಲ್ಕೈದು ಬಣ್ಣದ ರೇಷ್ಮೆ ದಾರ, ತೊಡೆಯ ಮೇಲೆ ಹರಡಿಕೊಂಡ ಇಳಕಲ್ ಸೀರೆ, ಕಿಟಕಿಯ ಬೆಳಕು. ಅಚ್ಚು ಬೇಡ, ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳುವುದೂ ಬೇಡ. ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋದರೆ ಗೋಪುರ ಏಳುತ್ತದೆ, ತೇರು ಬರುತ್ತದೆ, ಆನೆ ಅಂಬಾರಿ ಹೊತ್ತು ನಿಲ್ಲುತ್ತದೆ. ಧಾರವಾಡದ ಕಡೆ ಹೆಣ್ಣುಮಕ್ಕಳ ಕೈಯಿಂದ ಕೈಗೆ ಬಂದ ಈ ವಿದ್ಯೆ ನನಗೆ ಅಜ್ಜಿಯಿಂದ ಬಂತು. ‘ಇಷ್ಟು ಸಾಕು’ ಎಂದು ನೆಮ್ಮದಿಯಿಂದ ಹೇಳುವುದನ್ನು ಕಲಿಸಿದ್ದೂ ಇದೇ ವಿದ್ಯೆ.

ಕಸೂತಿಯ ಹೊಲಿಗೆಗಳು ನಾಲ್ಕೇ ನಾಲ್ಕು. ಗವಂತಿಯಲ್ಲಿ ಗೆರೆ, ಮುರಗಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಚು, ನೇಗಿಯಲ್ಲಿ ಮಗ್ಗದಲ್ಲೇ ನೆಯ್ದಂತೆ ಕಾಣುವ ನಕ್ಷೆ, ಮೆಂತೆಯಲ್ಲಿ ಅಡ್ಡಡ್ಡ ದಾಟುವ ಹೊಲಿಗೆಯಿಂದ ತುಂಬಿದ ಮೈ. ಈ ನಾಲ್ಕರಲ್ಲಿ ನನ್ನ ಜೀವ ಗವಂತಿಯ ಮೇಲೆ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂದು ಮುಂದೆ ಹೋಗುತ್ತದೆ. ಹೋಗುವಾಗ ಗೆರೆ ತುಂಡು ತುಂಡು. ನಡುವೆ ಕವಲು ಬಂದರೆ ಅದರ ತುದಿ ಮುಟ್ಟಿ, ಮತ್ತೆ ಹಾದಿಗೆ ಬಂದು ಸಾಗಬೇಕು. ಅದೇ ಹಾದಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗಗಳು ಒಂದೊಂದಾಗಿ ತುಂಬುತ್ತವೆ. ಎಲ್ಲೂ ಗಂಟು ಹಾಕುವಂತಿಲ್ಲ. ದಾರದ ತುದಿ ಹೊಲಿಗೆಯ ಅಡಿಯಲ್ಲೇ ಅಡಗಬೇಕು. ಮುಗಿದ ಮೇಲೆ ಬಟ್ಟೆಯನ್ನು ತಿರುವಿ ನೋಡಿದರೆ ಹೊರಮೈಯಲ್ಲಿದ್ದ ಚಿತ್ರವೇ ಒಳಮೈಯಲ್ಲೂ ಇರುತ್ತದೆ.

ಆ ತಿರುಗಿ ಬರುವ ಗಳಿಗೆಯ ಸುಖಕ್ಕಾಗಿಯೇ ನಾನು ಸೂಜಿ ಹಿಡಿಯುವುದು. ಹೋಗುವಾಗ ಮನಸ್ಸೆಲ್ಲ ಎಣಿಕೆಯಲ್ಲಿರುತ್ತದೆ. ಒಂದು ಎಳೆ ಹೆಚ್ಚುಕಡಿಮೆಯಾದರೂ ಕೊನೆಯಲ್ಲಿ ಗೆರೆಗಳು ಕೂಡುವುದಿಲ್ಲ. ಬರುವಾಗ ಎಣಿಸಬೇಕಾದ್ದಿಲ್ಲ, ದಾರಿ ಆಗಲೇ ಬಿದ್ದಿರುತ್ತದೆ. ಸೂಜಿ ತಾನೇ ಜಾಗ ಹುಡುಕಿಕೊಳ್ಳುತ್ತದೆ, ಉಸಿರು ಇಳಿಯುತ್ತದೆ. ಹೊಸದೇನನ್ನೂ ಗಳಿಸದೆ, ಹಾಕಿಟ್ಟದ್ದನ್ನೇ ಪೂರ್ತಿ ಮಾಡುವುದರಲ್ಲಿ ಇಷ್ಟು ಆನಂದ ಇರುತ್ತದೆಂದು ನನಗೆ ಬೇರೆ ಯಾವ ಕೆಲಸವೂ ತೋರಿಸಿಲ್ಲ.

ಸೀರೆಯ ಮೇಲೆ ಚಿತ್ರಗಳಿಗೂ ಒಂದು ಕ್ರಮವುಂಟು. ಸೆರಗಿನ ಹತ್ತಿರ ದೊಡ್ಡವು: ಗೋಪುರ, ತೇರು, ತುಳಸಿ ಕಟ್ಟೆ, ತೊಟ್ಟಿಲು. ಒಡಲಿನ ಕಡೆಗೆ ಬಂದಂತೆ ಅವು ಸಣ್ಣವಾಗುತ್ತವೆ. ಗಿಳಿ, ಹೂವು, ಕೊನೆಗೆ ಬೊಟ್ಟಿನಷ್ಟು ನಕ್ಷತ್ರ. ಅಲ್ಲಿಂದಾಚೆ ಬರಿಯ ಬಟ್ಟೆ. ಕಲಿಯುವ ದಿನಗಳಲ್ಲಿ ಆ ಬರಿಯ ಜಾಗ ಕಂಡರೆ ನನ್ನ ಬೆರಳು ತುಡಿಯುತ್ತಿದ್ದವು. ಅಜ್ಜಿ ಹೇಳುತ್ತಿದ್ದಳು: “ಕೈಗೆ ಬರತೈತಿ ಅಂತ ಎಲ್ಲಾ ಕಡೆ ತುಂಬಬ್ಯಾಡವ್ವಾ. ಮೊದಲ ಸೀರಿ ಕಾಣಬೇಕು, ಆಮ್ಯಾಲ ಕಸೂತಿ.” ಕರಿಯ ಚಂದ್ರಕಾಳಿ ಸೀರೆಯನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಮದುವೆಯ ಹೆಣ್ಣಿಗೆ ಕೊಡುತ್ತಿದ್ದ ಆ ಸೀರೆಯಲ್ಲಿ ಕೆಂಪು, ಬಿಳಿ, ಹಸಿರು ದಾರಗಳು ಅಷ್ಟು ಬೆಳಗುವುದು ಸುತ್ತಲಿನ ಕಪ್ಪನ್ನು ಹಾಗೇ ಬರಿದಾಗಿ ಬಿಟ್ಟದ್ದರಿಂದ.

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಮುಖ್ಯೋಪಾಧ್ಯಾಯಿನಿಯಾಗುವ ಅವಕಾಶ ಬಂದಾಗ ತರಗತಿಯಲ್ಲೇ ಉಳಿಯುತ್ತೇನೆಂದೆ. ಸಂಬಳ ಮನೆಗೆ ಸಾಲುತ್ತಿತ್ತು. ಐದನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಹೊಳೆಯುವ ಗಳಿಗೆಯನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಕಸೂತಿಯ ಬಗ್ಗೆಯೂ ಗೆಳತಿಯರು ಪ್ರೀತಿಯಿಂದ ಹೇಳುತ್ತಾರೆ: “ಇಷ್ಟು ಚಂದ ಹಾಕ್ತೀರಿ, ಆರ್ಡರ್ ತಗೋಳ್ರಿ, ನಾಕು ಮಂದೀನ್ನ ಇಟ್ಕೊಂಡು ದೊಡ್ಡದು ಮಾಡ್ರಿ.” ನಾನು ಒಪ್ಪುವುದಿಲ್ಲ. ಗಡುವು ಬಂದರೆ ಸೂಜಿ ಓಡಬೇಕಾಗುತ್ತದೆ, ತಿರುಗಿ ಬರುವ ಹಾದಿಯ ಸುಖ ಉಳಿಯುವುದಿಲ್ಲ. ಸೀರೆ ಮುಗಿದ ಮೇಲೆ ಮಗಳಿಗೋ ಸೊಸೆಗೋ ಗೆಳತಿಗೋ ಕೊಡುತ್ತೇನೆ. ಅದರಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ.

ಇದನ್ನು ಹೇಳುವಾಗ ನನಗೆ ನೆನಪಾಗುವವಳು 12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳಂತೆ. ಈ ಕತೆಯನ್ನು ಆಸೆ ಬಿಡುವುದಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ನನಗೆ ಅದರಲ್ಲಿ ಹೆಚ್ಚಾಗಿ ಕಾಣುವುದು ಲಕ್ಕಮ್ಮನ ಅಧಿಕಾರ. ಎಷ್ಟು ಬೇಕೆಂಬುದು ಅವಳಿಗೆ ಗೊತ್ತಿತ್ತು. ಅಡುಗೆ ಅವಳದು, ಬಡಿಸುವ ಕೈ ಅವಳದು, ಅಳತೆಯೂ ಅವಳದು. ಬೇರೆ ಯಾರೋ ಬಂದು ನಿನಗಿಷ್ಟೇ ಸಾಕು ಎಂದು ಹೇಳಲಿಲ್ಲ.

ಆ ವ್ಯತ್ಯಾಸ ದೊಡ್ಡದು. ನಮ್ಮ ಕಡೆ ಕಸೂತಿಯನ್ನೇ ನಂಬಿ ಬದುಕುವ ಹೆಣ್ಣುಮಕ್ಕಳಿದ್ದಾರೆ. ಎಳೆ ಎಣಿಸಲಾಗದ ನಯವಾದ ಬಟ್ಟೆಯ ಮೇಲೆ ಮ್ಯಾಟಿ ಬಟ್ಟೆ ಹೊಲಿದು, ಅದರ ಮೇಲೆ ಕಸೂತಿ ಹಾಕಿ, ಆಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕಣ್ಣು ಸೋಲುವ, ಬೆನ್ನು ಹಿಡಿಯುವ ಕೆಲಸ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆಯೆಂದು ಹೆಮ್ಮೆಪಡುವ ನಾವೇ ಸೀರೆ ಕೊಳ್ಳುವಾಗ ಚೌಕಾಸಿಗೆ ನಿಲ್ಲುತ್ತೇವೆ. ದುಡಿಮೆಗೆ ತಕ್ಕ ಕೂಲಿ ಸಿಗದವಳಿಗೆ ತೃಪ್ತಿಯ ಪಾಠ ಹೇಳುವುದು ಅನ್ಯಾಯ. ಸಂಬಳ ಕೈಗೆ ಬರುವ ನನ್ನಂಥವಳು ‘ಸಾಕು’ ಎನ್ನುವುದಕ್ಕೂ, ಮನೆ ನಡೆಸಲು ಹೆಣಗುವ ಅವಳ ಬಾಯಲ್ಲಿ ‘ಸಾಕು’ ಎನಿಸುವುದಕ್ಕೂ ಅಜಗಜಾಂತರ.

ಹಾಗಾಗಿ ಸಂತೃಪ್ತಿಯನ್ನು ನಾನು ಸುಮ್ಮನಿರುವ ಗುಣವೆಂದು ಎಣಿಸುವುದಿಲ್ಲ. ಅದು ಅಳತೆ ಬಲ್ಲವರ ಗುಣ. ನನ್ನ ಸೀರೆಗೆ ಎಷ್ಟು ಗೋಪುರ ಎಂಬುದನ್ನು ನಾನು ತೀರ್ಮಾನಿಸುತ್ತೇನೆ. ಇನ್ನೊಬ್ಬಳ ಕೈಯ ಸೀರೆ ಕೊಳ್ಳುವಾಗ ಬೆಲೆ ಎಷ್ಟೆಂಬುದನ್ನು ಅವಳು ಹೇಳಲಿ, ನಾನು ಎಣಿಸಿ ಕೊಡುತ್ತೇನೆ. ತನಗೆ ಸಾಕೆನ್ನುವುದು, ಅವರಿಗೆ ಸಾಲದೆನ್ನುವುದು: ಈ ಎರಡು ಮಾತನ್ನೂ ಹೇಳಬಲ್ಲ ಬದುಕೇ ಒಳಮೈ ಹೊರಮೈ ಒಂದಾದ ಬದುಕು.