ಮಾದನಹಿಪ್ಪರಗಾದಿಂದ ಕಡಗಂಚಿಗೆ

ತೊಗರಿಬೇಳೆ ಇಲ್ಲದ ಅಡಿಗೆಮನೆ ನಮ್ಮ ನಾಡಿನಲ್ಲಿ ಉಂಟೇ? ನಿಮ್ಮ ಡಬ್ಬಿಯಲ್ಲಿರುವ ಬೇಳೆ ಯಾವ ಊರಿನದೆಂದು ನೀವು ಎಂದೂ ಕೇಳಿರಲಿಕ್ಕಿಲ್ಲ. ನಮ್ಮ ಕಡೆಯದೇ ಇದ್ದೀತು! ನಮ್ಮದು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ. ಮಹಾರಾಷ್ಟ್ರದ ಗಡಿ ಹತ್ತಿರ, ಹೀಗಾಗಿ ಸೀರೆ ಸಾಮಾನು ಎಂದರೆ ಸೊಲ್ಲಾಪುರದ ಮಾತು, ದೇವರು ಎಂದರೆ ಅಕ್ಕಲಕೋಟೆಯ ಮಾತು. ಸುತ್ತ ಕರಿ ಎರೆಭೂಮಿ. ಪುಷ್ಯ ಮಾಸದಲ್ಲಿ ಬಂದರೆ ಕಣದ ತುಂಬ ತೊಗರಿ ರಾಶಿ ಕಾಣುತ್ತೀರಿ. ಈ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿದೆ. ಪಟ್ಟ ಸಿಕ್ಕಿದ ಮಾತ್ರಕ್ಕೆ ನಮ್ಮ ಮನೆಯ ಸಾಲ ತೀರಲಿಲ್ಲ, ಆ ಮಾತು ಬೇರೆ.

ಅಂಥ ರಾಶಿಯ ದಿನಗಳಲ್ಲೇ ನಾನು ಕಡಗಂಚಿಗೆ ಹೊರಟದ್ದು. ಪ್ರವಾಸಕ್ಕಲ್ಲ, ನನ್ನ ಮೈದುನನ ಮಗಳನ್ನು ಮನೆಗೆ ಕರೆತರಲು. ಅವಳು ಅಲ್ಲಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪದವಿಗೆ ಅರ್ಥಶಾಸ್ತ್ರ ಓದುತ್ತಿದ್ದಳು. ಮೊದಲ ಕಿರುಪರೀಕ್ಷೆಯಲ್ಲೇ ಅಂಕ ಕೈಕೊಟ್ಟವು. ಫೋನಿನಲ್ಲಿ ಒಂದೇ ಅಳು. ಮಾವನವರು ತೀರ್ಮಾನ ಕೊಟ್ಟೇಬಿಟ್ಟರು: "ಹೆಣ್ಣಹುಡುಗಿ ಅರ್ಥಶಾಸ್ತ್ರ ಓದಿ ಏನ್ ಮಾಡ್ತಾಳ? ಮನಿ ಲೆಕ್ಕ ಬರೀಲಿಕ್ಕ ಎಂಟನೇತ್ತ ಸಾಕು. ಹೋಗಿ ಕರ್ಕೊಂಡ್ ಬಾ." ಎಂಟನೇತ್ತ ಓದಿದವಳು ನಾನೇ. ಮರುಮಾತಾಡಲಿಲ್ಲ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆ. 2023ರ ಜೂನ್ 11ರಿಂದ ನಮ್ಮ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ಟಿಕೀಟು ಅಲ್ಲವೇ? ಇಲ್ಲದಿದ್ದರೆ ನನ್ನನ್ನು ಕಳಿಸುತ್ತಿದ್ದರೋ ಇಲ್ಲವೋ! ಆಳಂದದಲ್ಲಿ ಬಸ್ಸು ಬದಲಿಸಿ ಕಲಬುರಗಿ ದಾರಿ ಹಿಡಿದರೆ ಕಡಗಂಚಿ. ಬಟ್ಟಬಯಲಿನ ನಡುವೆ, ಆರುನೂರು ಎಕರೆಗೂ ಮಿಕ್ಕಿದ ಜಾಗದಲ್ಲಿ ವಿಶ್ವವಿದ್ಯಾಲಯ ಹರಡಿಕೊಂಡಿದೆ. ನಮ್ಮ ಅತ್ತೆಯ ಕಾಲದಲ್ಲಿ ಪದವಿ ಎಂದರೆ ದೂರದ ಧಾರವಾಡದ ಹೆಸರು. ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಗಿ ನಿಂತದ್ದು 1980ರಲ್ಲಿ. ಈ ಕೇಂದ್ರೀಯ ವಿಶ್ವವಿದ್ಯಾಲಯ 2009ರದು. ನಮ್ಮದೇ ತಾಲ್ಲೂಕಿನ ನೆಲದಲ್ಲಿ ಇಂಥದೊಂದು ಇದೆಯೆಂದು ನಾನು ಕಣ್ಣಾರೆ ಕಂಡದ್ದು ಆ ದಿನವೇ.

ಹುಡುಗಿ ಸೊರಗಿದ್ದಳು. ಒಂದು ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. "ನನಗ ಆಗೂದಿಲ್ಲ ದೊಡ್ಡವ್ವ," ಅಂದಳು. ಕನ್ನಡ ಮಾಧ್ಯಮದಲ್ಲಿ, ಕಲಾ ವಿಭಾಗದಲ್ಲಿ ಓದಿದವಳು. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅರ್ಥಶಾಸ್ತ್ರವೆಂದರೆ ಬ್ಯಾಂಕು, ಬಜೆಟ್ಟು ಎಂದುಕೊಂಡು ಬಂದರೆ ಗಣಿತ, ಸಂಖ್ಯಾಶಾಸ್ತ್ರ, ಗೆರೆ ಎಳೆಯುವುದು! ತಪ್ಪು ಯಾರದೂ ಅಲ್ಲ, ದಾರಿ ಹೊಸದು.

ಸಮಾಧಾನಕ್ಕೆಂದು ಕೇಳಿದೆ, "ಏನ್ ಗೆರಿ ಅದು, ನನಗೂ ತೋರ್ಸು." ಅವಳು ಕಡ್ಡಿಯಿಂದ ಮಣ್ಣಿನ ಮೇಲೆ ಎರಡು ಗೆರೆ ಎಳೆದಳು. ಒಂದು ಇಳಿಯುವುದು, ಕೊಳ್ಳುವವರದು. ಇನ್ನೊಂದು ಏರುವುದು, ಮಾರುವವರದು. ಎರಡೂ ಕೂಡುವಲ್ಲಿ ಅಡತಿ ಅಂಗಡಿಯ ದರ! "ಹಂಗಾದ್ರ ರಾಶಿ ಟೈಮಿಗೇ ದರ ಯಾಕ ಬೀಳ್ತದ?" ಎಂದೆ. ಎಲ್ಲರ ರಾಶಿಯೂ ಒಂದೇ ತಿಂಗಳು, ಎಲ್ಲರ ಸಾಲದ ಗಡುವೂ ಒಂದೇ ತಿಂಗಳು. ಮಾಲು ಒಮ್ಮೆಲೇ ಪೇಟೆಗೆ ನುಗ್ಗಿದಾಗ ಏರುವ ಗೆರೆ ಬಲಕ್ಕೆ ಸರಿಯುತ್ತದೆ, ದರ ಕೆಳಗೆ. ಸರಕಾರ 2025-26ರ ಹಂಗಾಮಿಗೆ ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಸಾರಿದ್ದು ಈ ಕುಸಿತಕ್ಕೊಂದು ತಡೆಗೋಡೆ. ಆದರೆ ಖರೀದಿ ಕೇಂದ್ರದ ಸರದಿ ಕಾಯುವಷ್ಟು ಪುರಸೊತ್ತು ಬೇಕು.

"ಹಂಗಾದ್ರ ಕಾರಹುಣ್ಣಿಮಿ ತನಕ ಇಟ್ಕೊಂಡ್ರ?"

"ಇಟ್ಕೊಳ್ಳಾಕ ಕೈಯಾಗ ರೊಕ್ಕ ಬೇಕಲ್ಲ ದೊಡ್ಡವ್ವ. ಮ್ಯಾಲ ಮೊಜಾಂಬಿಕ್, ಬರ್ಮಾದಿಂದ ಹಡಗಿನ್ಯಾಗ ತೊಗರಿ ಬಂತಂದ್ರ ಆಗೂ ದರ ಏರೂದಿಲ್ಲ."

ಮೊಜಾಂಬಿಕ್ ಎಲ್ಲಿದೆಯೋ! ಆ ದೇಶದ ಹಡಗು ನಮ್ಮ ಕಣಕ್ಕೆ ಬಂದು ನಿಲ್ಲುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು ಕೇಳಿ, ಸೋದರಿಯರೇ, ಇದು ನಮ್ಮನಿಮ್ಮದು. ನಾನು ಬಡಿದ ರೊಟ್ಟಿ ದೇಶದ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲವಂತೆ. ಅದೇ ರೊಟ್ಟಿ ಖಾನಾವಳಿಯಲ್ಲಿ ಬಡಿದು ಮಾರಿದರೆ ಸೇರುತ್ತದಂತೆ! 2024ರಲ್ಲಿ ಸರಕಾರ ದೇಶದಲ್ಲೆಲ್ಲ ಸಮಯದ ಲೆಕ್ಕ ತೆಗೆಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ, ಗಂಡಸರು 88. ಎಂಬತ್ತೆಂಟು ನಿಮಿಷದವರು ಯಾವ ಊರಿನಲ್ಲಿದ್ದಾರೋ, ನಾನಂತೂ ಕಂಡಿಲ್ಲ. ಹೆಣ್ಣುಮಕ್ಕಳ ದುಡಿಮೆಯನ್ನೇ ಅಭ್ಯಾಸ ಮಾಡಿದ ಕ್ಲಾಡಿಯಾ ಗೋಲ್ಡಿನ್ ಎಂಬಾಕೆಗೆ 2023ರಲ್ಲಿ ನೊಬೆಲ್ ಬಂದಿದೆ ಎಂದೂ ಅವಳೇ ಹೇಳಿದಳು.

ಊಟವಾದ ಮೇಲೆ ಅವಳ ನೋಟ್‌ಪುಸ್ತಕ ತಿರುವಿದೆ. ಒಂದು ಕಡೆ ನಮ್ಮ ಆಳಂದದ ಹೆಸರಿಗೆ ಕೆಂಪು ಗೆರೆ. ಡಿ.ಎಂ. ನಂಜುಂಡಪ್ಪ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಕೊಟ್ಟ ವರದಿಯಿಂದ ಬರೆದುಕೊಂಡದ್ದು. ಆಗಿನ 175 ತಾಲ್ಲೂಕುಗಳನ್ನು 35 ಮಾನದಂಡಗಳಿಂದ ಅಳೆದರು. ಅತ್ಯಂತ ಹಿಂದುಳಿದವು 39, ಅದರಲ್ಲಿ 21 ನಮ್ಮ ವಿಭಾಗದವೇ. ಅಫಜಲಪುರ, ಜೇವರ್ಗಿಯೂ ಅಲ್ಲೇ ಇವೆ. ನಾವು ಹಿಂದೆ ಇದ್ದೇವೆಂದು ಗೊತ್ತಿತ್ತು. ಎಷ್ಟು ಹಿಂದೆ ಎಂದು ಯಾರೋ ಕೂತು ಅಳೆದಿದ್ದಾರೆ, ಅದಕ್ಕೊಂದು ವಿದ್ಯೆ ಇದೆ ಎಂದು ಗೊತ್ತಿರಲಿಲ್ಲ. "ಇದನ್ನ ಬರೆಯೋವಾಗ ಅಳು ಬರಲಿಲ್ಲೇನು?" ಎಂದೆ. "ಇಲ್ಲ, ಸಿಟ್ಟು ಬಂತು," ಅಂದಳು. ಆಗ ನನಗೆ ಧೈರ್ಯ ಬಂತು.

ನಿಮ್ಮ ಮನೆಯಲ್ಲೂ ಪಿಯುಸಿ ಓದುವ ಹುಡುಗಿ ಇದ್ದರೆ ಇಷ್ಟು ನೆನಪಿಡಿ: ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಎಂಬ ಬೇರೆ ಪ್ರವೇಶ ಪರೀಕ್ಷೆ ಇದೆ. ಪಿಯುಸಿ ಫಲಿತಾಂಶ ಬರಲೆಂದು ಕಾಯುತ್ತ ಕೂತರೆ ಅರ್ಜಿಯ ದಿನ ದಾಟಿಹೋಗುತ್ತದೆ. ರಜೆಯಲ್ಲಿ ಗಣಿತ, ಇಂಗ್ಲಿಷು ಸ್ವಲ್ಪ ಕೈಯಾಡಿಸಿದ್ದರೆ ನಮ್ಮ ಹುಡುಗಿಯಷ್ಟು ಅಳಬೇಕಿಲ್ಲ.

ಸಂಜೆಯ ಬಸ್ಸಿಗೆ ನಾನೊಬ್ಬಳೇ ಹತ್ತಿದೆ. ಮಾವನವರು ಕಟ್ಟೆಯ ಮೇಲೇ ಕೂತಿದ್ದರು. "ಹುಡುಗಿ ಎಲ್ಲಿ?" "ಪರೀಕ್ಷಿ ಮುಗೀಲಿ ಅಂತ ಬಿಟ್ಟು ಬಂದೀನ್ರಿ." ಅವರು ಮಾತಾಡಲಿಲ್ಲ. ನಾನು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಹುಡುಗಿ ಆ ಸೆಮಿಸ್ಟರು ಪಾಸಾದಳು. ಸಂಖ್ಯಾಶಾಸ್ತ್ರದಲ್ಲಿ ಅಂಚಿಗೆ, ಆದರೂ ಪಾಸು.

ಆ ಸಲ ರಾಶಿಯೆಲ್ಲ ಮಾರದೆ ಎರಡು ಚೀಲ ಉಳಿಸಿರೆಂದು ನಾನು ಹಟ ಹಿಡಿದೆ. ಒಣ ಬೇವಿನೆಲೆ ಹಾಕಿ ಬಾಯಿ ಹೊಲಿದು ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದೇನೆ. ಕಾರಹುಣ್ಣಿಮೆಗೆ ಇನ್ನೂ ದಿನಗಳಿವೆ. ಮಾವನವರು ದಿನಾ ಒಮ್ಮೆ ಚೀಲದ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ.