ಜೂಲ್ ಮಲಗಿದ ಊರಿನಲ್ಲಿ ಬಿಯರ್ ಬಕೆಟ್ಟು

ಮ್ಯಾಂಚೆಸ್ಟರ್ ನಗರದಿಂದ ಆಲ್ಟ್ರಿಂಚಮ್ ಕಡೆಗೆ ಹೋಗುವ ಟ್ರಾಮಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ನಿಲ್ದಾಣ ಬರುತ್ತದೆ. ಅಲ್ಲಿಳಿದು ಸ್ವಲ್ಪ ದೂರ ನಡೆದರೆ ಸೇಲ್ ಎಂಬ ಊರಿನ ಸ್ಮಶಾನ. 2023ರ ಬೇಸಿಗೆ ರಜೆಯಲ್ಲಿ, ಅಲ್ಲಿ ಓದುತ್ತಿದ್ದ ಮಗಳನ್ನು ನೋಡಲು ನಾನೂ ನನ್ನಾಕೆಯೂ ಹೋಗಿದ್ದೆವು. 'ಊರಿಗೆ ಬಂದವರು ಫುಟ್‌ಬಾಲ್ ಕ್ರೀಡಾಂಗಣ ನೋಡ್ತಾರೆ, ನೀವು ಸ್ಮಶಾನ ನೋಡ್ತೀನಿ ಅಂತೀರಲ್ಲಪ್ಪ' ಎಂದು ಮಗಳು ನಕ್ಕಳು. ಮೂವತ್ತು ವರ್ಷ ಹತ್ತನೆಯ ತರಗತಿಗೆ ಪಾಠ ಹೇಳಿದವನಿಗೆ ಆ ಸ್ಮಶಾನವೇ ಯಾತ್ರಾಸ್ಥಳ. ಅಲ್ಲಿ ಮಲಗಿರುವವನು ಜೇಮ್ಸ್ ಪ್ರೆಸ್ಕಾಟ್ ಜೂಲ್. ಕಲ್ಲಿನ ಮೇಲೆ ಒಂದು ಸಂಖ್ಯೆ ಕೊರೆದಿದೆ: 772.55. ಒಂದು ಪೌಂಡ್ ನೀರಿನ ತಾಪವನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಎಷ್ಟು ಅಡಿ-ಪೌಂಡ್ ಕೆಲಸ ಬೇಕು ಎಂಬುದಕ್ಕೆ 1878ರಲ್ಲಿ ಅವನು ಅಳೆದು ಪಡೆದ ಉತ್ತರ. ಗೋರಿಯ ಮೇಲೆ ಪ್ರಯೋಗದ ಫಲಿತಾಂಶ ಬರೆಸಿಕೊಂಡವನನ್ನು ನಾನಂತೂ ಬೇರೆ ಕಂಡಿಲ್ಲ.

ಸಂಜೆ ಮಗಳ ಬಾಡಿಗೆ ಮನೆಯ ಹಿತ್ತಲಲ್ಲಿ ನಿಂತಿದ್ದಾಗ ಬೇಲಿಯಾಚೆಯ ನೆರೆಯವರು ಮಾತಿಗೆ ಸಿಕ್ಕಿದರು. ಬಸ್ ಓಡಿಸಿ ನಿವೃತ್ತರಾದವರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು, ಹೇಳಿದೆ. 'ಓ, ಆ ಬಿಯರ್ ಮನೆತನದವನೇ?' ಎಂದರು. ನಮ್ಮ ಪಠ್ಯಪುಸ್ತಕದ ಜೂಲ್ ಅವರ ಊರಿನಲ್ಲಿ ಬಿಯರ್ ತಯಾರಕನ ಮಗ. ಅದೂ ಸರಿಯೇ. 1818ರಲ್ಲಿ ಪಕ್ಕದ ಸಾಲ್ಫರ್ಡಿನಲ್ಲಿ ಹುಟ್ಟಿದ ಜೂಲ್, ಬಿಯರ್ ಕಾರ್ಖಾನೆಯ ಹಬೆ, ತೊಟ್ಟಿ, ಉಷ್ಣಮಾಪಕಗಳ ನಡುವೆಯೇ ಬೆಳೆದವನು. ಅವನ ಮನೆಮೇಷ್ಟರು ಬೇರೆ ಯಾರೂ ಅಲ್ಲ, ಪರಮಾಣು ಸಿದ್ಧಾಂತದ ಡಾಲ್ಟನ್.

ನೆರೆಯವರು ಕೈಸನ್ನೆ ಮಾಡಿ ತಮ್ಮ ಗ್ಯಾರೇಜಿಗೆ ಕರೆದರು. ಒಳಗೆ ಕಾರು ಇರಲಿಲ್ಲ. ಮುಚ್ಚಳ ಬಿಗಿದ ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಅದರ ನೆತ್ತಿಯಲ್ಲಿ ನೀರು ತುಂಬಿದ ಸಣ್ಣ ಗಾಳಿಕೊಳವೆ, ಗೋಡೆಗೆ ಒರಗಿದ ಸೀಸೆಗಳು. ಅವರು ಮನೆಯಲ್ಲೇ ಬಿಯರ್ ಮಾಡುತ್ತಿದ್ದರು.

ಪೋಷಕರು ಹುಬ್ಬೇರಿಸುವ ಮೊದಲು ಎರಡು ಮಾತು. ನಾನು ಕುಡಿಯುವವನಲ್ಲ. ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ, ಆದ್ದರಿಂದ ಇದನ್ನು ಯಾರೂ ಕೈಪಿಡಿಯೆಂದು ಓದಬಾರದು. ಅಲ್ಲಿಯೂ ಹಿಂದೆ ಮನೆ ಬಿಯರಿಗೆ ಲೈಸೆನ್ಸ್ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದ ಮೇಲೆ ಸ್ವಂತ ಬಳಕೆಗೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಈಗ ತೋಟಗಾರಿಕೆಯಂತೆ ಅದೂ ಒಂದು ಹವ್ಯಾಸ.

ಆ ದಿನ ನೆರೆಯವರು ಒಂದು ಸಂದಿಗ್ಧದಲ್ಲಿದ್ದರು. ಹುಟ್ಟುಹಬ್ಬಕ್ಕೆ ಮಕ್ಕಳು ಸೇರಿ 150 ಪೌಂಡ್ ಕೊಟ್ಟು, ಸಲಕರಣೆ ಕೊಂಡುಕೋ ಎಂದಿದ್ದರಂತೆ. ಪಿಂಚಣಿದಾರರಿಗೆ ಅದು ಸಣ್ಣ ಮೊತ್ತವಲ್ಲ. ಅವರ ಕಣ್ಣು ಕ್ಯಾಟಲಾಗಿನ ಒಂದು ಚಿತ್ರದ ಮೇಲಿತ್ತು: ತಳ ಶಂಕುವಿನಾಕಾರದ, ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಹುದುಗುಪಾತ್ರೆ. ಇದ್ದ ಹಣವೆಲ್ಲ ಅದಕ್ಕೇ ಸರಿ. 'ಇದು ಬಂದರೆ ನನ್ನ ಬಿಯರ್ ಸರಿಹೋಗುತ್ತೆ' ಎಂದರು.

ಸರಿಹೋಗುವುದಕ್ಕೆ ಏನು ಕೆಟ್ಟಿತ್ತು? ಮೇಷ್ಟರ ಚಟ, ನೋಟುಬುಕ್ಕು ಇದೆಯೇ ಎಂದು ಕೇಳಿದೆ. ಇತ್ತು. ಪ್ರತಿ ಸಲವೂ 23 ಲೀಟರ್. ಡಬ್ಬಿಯ ಮಾಲ್ಟ್ ರಸ, ನೀರು, 11 ಗ್ರಾಂ ಒಣ ಯೀಸ್ಟ್. ಹೈಡ್ರೋಮೀಟರ್ ಅಳತೆಗಳನ್ನು ನೀಟಾಗಿ ಬರೆದಿದ್ದರು. ಶುರುವಿನಲ್ಲಿ 1.045 ಇದ್ದ ದ್ರವ ಕೊನೆಗೆ 1.010ಕ್ಕೆ ಇಳಿಯಬೇಕು, ಸಕ್ಕರೆ ಹೋಗಿ ಆಲ್ಕೊಹಾಲ್ ಬಂದಂತೆ ಸಾಂದ್ರತೆ ಕುಗ್ಗುತ್ತದೆ. ಜನವರಿಯಲ್ಲಿ ಮಾಡಿದ್ದು 1.020ರಲ್ಲೇ ನಿಂತುಬಿಟ್ಟಿತ್ತು. 2022ರ ಜುಲೈನದು ಬೇಗ ಇಳಿದಿತ್ತು, ಆದರೆ ಉಗುರುಬಣ್ಣದ ವಾಸನೆ, ಕುಡಿದವರಿಗೆಲ್ಲ ತಲೆನೋವು. ಆ ಜುಲೈನಲ್ಲೇ ಇಂಗ್ಲೆಂಡಿನ ತಾಪ ಮೊದಲ ಬಾರಿಗೆ 40 ಡಿಗ್ರಿ ದಾಟಿದ್ದು. ಪುಸ್ತಕದಲ್ಲಿ ತಾಪದ ಕಾಲಮ್ಮೇ ಇರಲಿಲ್ಲ.

ಇದನ್ನು ರಾತ್ರಿ ಊಟದ ಹೊತ್ತಿಗೆ ಹೇಳುತ್ತಿದ್ದೆ. ಬಿಯರ್ ಎಂಬ ಮಾತಿಗೇ ಮುಖ ತಿರುಗಿಸಿದ್ದ ನನ್ನಾಕೆ ಒಮ್ಮೆಲೇ, 'ಚಳಿಗಾಲದಲ್ಲಿ ದೋಸೆಹಿಟ್ಟು ಎಲ್ಲಿಡ್ತೀವಿ? ಒಲೆ ಪಕ್ಕ. ಬೇಸಿಗೇಲಿ ಹೊರಗಿಟ್ಟರೆ ಬೆಳಿಗ್ಗೆ ಹುಳಿ ಬಂದು ಉಕ್ಕಿರುತ್ತೆ. ಅಷ್ಟೂ ಗೊತ್ತಿಲ್ವಾ ಅವರಿಗೆ?' ಎಂದಳು. ಬಿಎಸ್ಸಿ ಬಿಎಡ್‌ಗೆ ಅಷ್ಟು ಹೊತ್ತಿನ ಮೇಲೆ ಹೊಳೆದದ್ದು ಅವಳಿಗೆ ಒಂದು ನಿಮಿಷದಲ್ಲಿ ಹೊಳೆದಿತ್ತು.

ದೋಸೆಹಿಟ್ಟಿನ ಜೀವಿಗಳು ಬೇರೆ, ತತ್ವ ಒಂದೇ. ಅಲ್ಲಿನ ಏಲ್ ಬಿಯರಿನ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. ತೀರಾ ತಣ್ಣಗಾದರೆ ನಿದ್ದೆ ಹೋಗುತ್ತದೆ. 25 ದಾಟಿದರೆ ಅವಸರದಲ್ಲಿ ಕೆಟ್ಟ ವಾಸನೆಯ ಎಸ್ಟರುಗಳನ್ನೂ ಭಾರವಾದ ಆಲ್ಕೊಹಾಲುಗಳನ್ನೂ ಮಾಡಿಡುತ್ತದೆ. ಇನ್ನೊಂದು ವಿಷಯ ಅನೇಕರಿಗೆ ತಿಳಿದಿರುವುದಿಲ್ಲ: ಯೀಸ್ಟು ತಾನೇ ಬಿಸಿ ಹೊರಹಾಕುತ್ತದೆ. ಅಂತಹ ಒಂದು ಬಕೆಟ್ಟಿನಲ್ಲಿ ಒಟ್ಟು ಸುಮಾರು 10 ಲಕ್ಷ ಜೂಲ್ ಎಂದು ಲೆಕ್ಕ ಹಾಕಿದೆ. ಹೊರಗೆ ಏನೂ ಸೋರದಿದ್ದರೆ 23 ಲೀಟರ್ ದ್ರವ ಹತ್ತು ಡಿಗ್ರಿ ಬಿಸಿಯಾಗಬೇಕು. ಸೋರುವುದರಿಂದ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿರುತ್ತದೆ, ಅಷ್ಟೆ. ಸ್ಟೀಲ್ ಪಾತ್ರೆಯಲ್ಲಿದ್ದರೂ ಯೀಸ್ಟಿಗೆ ಜುಲೈ ಜುಲೈಯೇ.

ಮಾರನೆಯ ದಿನ ಅವರ ಉಷ್ಣಮಾಪಕವನ್ನು ಕರಗುತ್ತಿರುವ ಮಂಜುಗಡ್ಡೆಗೆ ಇಳಿಬಿಟ್ಟೆವು. ಮುಳ್ಳು ಸೊನ್ನೆಗೆ ಬರಲಿಲ್ಲ, 3ರಲ್ಲಿ ನಿಂತಿತು. ಅವರು ಅದನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆರು ವರ್ಷ ಅದನ್ನೇ ನಂಬಿದ್ದರು. ಹೈಡ್ರೋಮೀಟರನ್ನು 20 ಡಿಗ್ರಿಯ ಶುದ್ಧ ನೀರಿನಲ್ಲಿ ತೇಲಿಸಿದೆವು. ಅದು ಪಾಪ, ಸರಿಯಾಗಿ 1.000 ತೋರಿಸಿತು.

ಆಮೇಲೆ ಬೇಲಿಯ ಮೇಲೆ ಕಾಗದವಿಟ್ಟು ಪಟ್ಟಿ ಹಾಕಿದೆವು. ಯಾರದೋ ಮನೆಯಿಂದ ಹೊರಬಿದ್ದ ಹಳೆಯ ಫ್ರಿಜ್ 20 ಪೌಂಡಿಗೆ ಸಿಗುತ್ತಿತ್ತು. ಬಕೆಟ್ಟು ಅದರೊಳಗೆ ಹಿಡಿಸುತ್ತದೆಯೇ ಎಂದು ಮೊದಲು ಅಳೆದು ನೋಡಿದೆವು. ತಣಿಸಲೂ ಕಾಯಿಸಲೂ ಎರಡು ಸಾಕೆಟ್ ಇರುವ ತಾಪ ನಿಯಂತ್ರಕ 38 ಪೌಂಡ್. ಅದರ ತಂತಿಯ ತುದಿಯನ್ನು ಬಕೆಟ್ಟಿನ ಮೈಗೆ ಅಂಟಿಸಿ ಮೇಲೆ ಸ್ಪಂಜು ಕಟ್ಟಬೇಕು. ಹಾಗೆ ಮಾಡದಿದ್ದರೆ ಅದು ಬಿಯರಿನದಲ್ಲ, ಫ್ರಿಜ್ಜಿನ ಗಾಳಿಯ ತಾಪ ಓದುತ್ತದೆ. ಚಳಿಗಾಲಕ್ಕೆ ಕಡಿಮೆ ವ್ಯಾಟಿನ ಕೊಳವೆ ಹೀಟರ್ 18, ಹೊಸ ಉಷ್ಣಮಾಪಕ 14. ಹಳೆಯ ಬಕೆಟ್ಟಿನ ಒಳಮೈ ಉಜ್ಜಿ ಉಜ್ಜಿ ಗೀರುಬಿದ್ದಿತ್ತು, ಆ ಗೀರುಗಳಲ್ಲಿ ಬ್ಯಾಕ್ಟೀರಿಯಾ ಅಡಗಿಕೊಂಡರೆ ಯಾವ ರಾಸಾಯನಿಕಕ್ಕೂ ಸಿಗುವುದಿಲ್ಲ. ಆದ್ದರಿಂದ ಹೊಸ ಬಕೆಟ್ಟು, ಹೊಸ ರಬ್ಬರ್ ಕೊಳವೆ, ಸೋಂಕುನಿವಾರಕ ಪುಡಿ ಸೇರಿ 27. ಒಟ್ಟು 117. ಉಳಿದದ್ದು ಮಾಲ್ಟಿಗೆ.

ನೀರಿನ ಫಿಲ್ಟರೊಂದೂ ಅವರ ಮನಸ್ಸಿನಲ್ಲಿತ್ತು, ಹೊಡೆದುಹಾಕಿದೆವು. ಮ್ಯಾಂಚೆಸ್ಟರಿಗೆ 1894ರಿಂದಲೂ ಥರ್ಲ್‌ಮಿಯರ್ ಸರೋವರದ ಮೃದು ನೀರು ಪಂಪಿನ ಹಂಗಿಲ್ಲದೆ ಗುರುತ್ವದಿಂದಲೇ ಹರಿದು ಬರುತ್ತಿದೆ. ಅದರಲ್ಲಿನ ಕ್ಲೋರಿನ್ ತೆಗೆಯಲು ಕೆಲವು ಪೆನ್ನಿಗಳ ಕ್ಯಾಂಪ್ಡನ್ ಗುಳಿಗೆ ಅರ್ಧ ಸಾಕು.

ದೊಡ್ಡ ಕುದಿಸುವ ಪಾತ್ರೆಯ ಬಗ್ಗೆ ಮಾತ್ರ ಅವರು ಬೇಗ ಬಿಟ್ಟುಕೊಡಲಿಲ್ಲ. ಧಾನ್ಯದಿಂದಲೇ ಬಿಯರ್ ಮಾಡಬೇಕೆಂಬ ಆಸೆ. ಜೂಲನ ಊರಿನಲ್ಲಿ ಜೂಲಿನ ಲೆಕ್ಕವನ್ನೇ ಮಾಡಿ ತೋರಿಸಿದೆ: 27 ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು 27 × 4.186 × 80, ಅಂದರೆ ಸುಮಾರು 9,000 ಕಿಲೋಜೂಲ್. ಪಾತ್ರೆಗೆ ನಿಜವಾಗಿ 2 ಕಿಲೋವ್ಯಾಟ್ ತಲುಪಿಸುವ ಅಡುಗೆ ಒಲೆಯಲ್ಲಿ 75 ನಿಮಿಷ, ಅದೂ ಶಾಖ ನಷ್ಟವನ್ನು ಮರೆತರೆ. ಪಾತ್ರೆ ಕೊಂಡರೆ ಒಲೆಯೂ ಬೇಕು, ಕುದಿದದ್ದನ್ನು ಬೇಗ ತಣಿಸಲು ತಾಮ್ರದ ಸುರುಳಿಯೂ ಬೇಕು. ಒಂದು ಸಾಮಾನು ಇನ್ನೆರಡನ್ನು ಕರೆದುಕೊಂಡು ಬರುತ್ತದೆ. ಮುಂದಿನ ಹುಟ್ಟುಹಬ್ಬಕ್ಕಿರಲಿ ಎಂದರು.

ಈ ಲೆಕ್ಕಾಚಾರಕ್ಕೆ ಜೂಲನೇ ಗುರು. ಅವನಿಗೆ ಇಪ್ಪತ್ತು ತುಂಬುವ ಹೊತ್ತಿಗೆ ವಿದ್ಯುತ್ ಮೋಟಾರು ಹೊಸ ಬೆರಗು. ಕಾರ್ಖಾನೆಯ ಹಬೆಯಂತ್ರ ತೆಗೆದು ಮೋಟಾರು ಹಾಕಿದರೆ ಲಾಭವೇ ಎಂದು ಅಳೆಯತೊಡಗಿದ. 1841ರ ಹೊತ್ತಿಗೆ ಉತ್ತರ ಸಿಕ್ಕಿತು: ಬ್ಯಾಟರಿಯಲ್ಲಿ ಕರಗುವ ಒಂದು ಪೌಂಡ್ ಸತುವಿಗಿಂತ ಒಳ್ಳೆಯ ಹಬೆಯಂತ್ರದಲ್ಲಿ ಉರಿಯುವ ಒಂದು ಪೌಂಡ್ ಕಲ್ಲಿದ್ದಲು ಸುಮಾರು ಐದು ಪಟ್ಟು ಕೆಲಸ ಮಾಡುತ್ತದೆ, ಬೆಲೆಯೂ ಅಗ್ಗ. ಮೋಟಾರಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಅಳೆಯುತ್ತ ಹೋದಾಗ ತಂತಿಯಲ್ಲಿ ಹುಟ್ಟುವ ಶಾಖದ ನಿಯಮ ಸಿಕ್ಕಿತು, ಅಲ್ಲಿಂದ ಶಾಖಕ್ಕೂ ಕೆಲಸಕ್ಕೂ ಇರುವ ನಂಟು ಸಿಕ್ಕಿತು. ಅವನು ಧಾರಾಳವಾಗಿ ಖರ್ಚು ಮಾಡಿದ್ದು ಉಷ್ಣಮಾಪಕಕ್ಕೆ. ಮ್ಯಾಂಚೆಸ್ಟರಿನ ಡ್ಯಾನ್ಸರ್ ಎಂಬ ಕುಶಲಕರ್ಮಿಯಿಂದ ಮಾಡಿಸಿಕೊಂಡು, ಫ್ಯಾರನ್‌ಹೀಟ್ ಡಿಗ್ರಿಯ ಇನ್ನೂರರಲ್ಲಿ ಒಂದು ಪಾಲನ್ನು ಓದುತ್ತೇನೆ ಎನ್ನುತ್ತಿದ್ದ.

ನೆರೆಯವರಿಗೆ ಇಷ್ಟೆಲ್ಲ ಬುದ್ಧಿ ಹೇಳಿದವನ ಸ್ವಂತ ಕತೆಯನ್ನೂ ಹೇಳಬೇಕು. ಅರಸೀಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದಾಗ ಪ್ರಯೋಗಾಲಯಕ್ಕೆ ಬಂದ ವರ್ಷದ ಹಣದಲ್ಲಿ ಬಹುಪಾಲನ್ನು ನಾನೇ ಹಟ ಹಿಡಿದು ಒಂದು ವ್ಯಾನ್ ಡಿ ಗ್ರಾಫ್ ಯಂತ್ರಕ್ಕೆ ಸುರಿದೆ. ಹೊಳೆಯುವ ಗುಂಡು, ಮುಟ್ಟಿದರೆ ನಿಮಿರುವ ಕೂದಲು. ಶಾಲಾ ವಾರ್ಷಿಕೋತ್ಸವದ ದಿನ ಅತಿಥಿಗಳು ಚಪ್ಪಾಳೆ ತಟ್ಟಿದರು. ಮಳೆಗಾಲದ ತೇವದಲ್ಲಿ ಅದು ಕಿಡಿ ಬಿಡಲೇ ಇಲ್ಲ, ಗಾಜಿನ ಬೀರು ಸೇರಿತು. ಆ ವರ್ಷವೆಲ್ಲ ನಲವತ್ತೆರಡು ಮಕ್ಕಳಿಗೆ ಮೂರು ಉಷ್ಣಮಾಪಕ, ಅದರಲ್ಲೊಂದರ ಪಾದರಸದ ಎಳೆ ತುಂಡಾಗಿತ್ತು. ಹಿಂದಿನ ಸಾಲಿನವರು ಪಕ್ಕದವರ ಅಂಕಿ ನೋಡಿ ಬರೆದರು. ನನಗೆ ಗೊತ್ತಿತ್ತು, ರುಜು ಹಾಕಿದೆ. ಸ್ಟೀಲ್ ಪಾತ್ರೆಯ ಚಿತ್ರ ಕಂಡಾಗ ನನಗೆ ಜ್ಞಾಪಕ ಬಂದದ್ದು ಆ ಬೀರು.

ಆಗಸ್ಟಿನಲ್ಲಿ ಮಗಳು ನೆರೆಯವರ ನೋಟುಬುಕ್ಕಿನ ಫೋಟೊ ಕಳಿಸಿದಳು. ಶುರು 1.044, ಒಂಬತ್ತನೆಯ ದಿನ 1.010. ಹೊಸ ಕಾಲಮ್ಮಿನಲ್ಲಿ ಉದ್ದಕ್ಕೂ 19, 19, 19. ರುಚಿ ಹೇಗಿತ್ತೋ, ಅದು ನನ್ನ ಪರೀಕ್ಷೆಗೆ ಸಿಗದ ವಿಷಯ.

ಈಗಿರುವ ಶಾಲೆಯಲ್ಲಿ ಆ ವರ್ಷ ಬಂದ ಹಣಕ್ಕೆ ಹತ್ತು ಉಷ್ಣಮಾಪಕ ತರಿಸಿದೆ, ಹಳೆಯವು ನಾಲ್ಕಿದ್ದವು. ಐಸ್‌ಕ್ಯಾಂಡಿ ಅಂಗಡಿಯಿಂದ ಗಡ್ಡೆ ತಂದು ಕುಟ್ಟಿ ಮಕ್ಕಳೇ ಪರೀಕ್ಷೆ ಮಾಡಿದರು. ಹದಿನಾಲ್ಕರಲ್ಲಿ ಒಂಬತ್ತು ಸೊನ್ನೆ ತೋರಿಸಿದವು. ಉಳಿದವಕ್ಕೆ 'ಒಂದು ಹೆಚ್ಚು', 'ಅರ್ಧ ಕಡಿಮೆ' ಎಂದು ಚೀಟಿ ಅಂಟಿಸಿದರು. ಆಮೇಲೆ ಕುದಿಯುವ ನೀರು. ಚೀಟಿಯ ಲೆಕ್ಕ ಸೇರಿಸಿದರೂ ಒಂದೇ ಒಂದು 100 ಮುಟ್ಟಲಿಲ್ಲ, ಎಲ್ಲವೂ 97ರ ಆಸುಪಾಸು. 'ಎಲ್ಲಾ ಕೆಟ್ಟಿವೆ ಸಾರ್' ಎಂದಳು ಒಬ್ಬಳು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ ಎಂದು ಬೋರ್ಡಿನ ಮೇಲೆ ಬರೆದು, ಕೆಟ್ಟಿವೆಯೋ ಇಲ್ಲವೋ ನಾಳೆ ನೀವೇ ಹೇಳಿ ಎಂದೆ.