ಬಂದರಿನಲ್ಲೊಂದು ಮಧ್ಯಾಹ್ನ

ತಿಳವಳ್ಳಿಯಿಂದ ಮಂಗಳೂರಿಗೆ ಹೋಗಿ, ಒಂದು ಊಟ ಮಾಡಿ, ಅದೇ ದಿನ ಹಿಂದಿರುಗಿದೆವೆಂದರೆ ವಾಚಕರು ನಕ್ಕಾರು. ನಕ್ಕರೂ ಚಿಂತೆಯಿಲ್ಲ. ಹಸಿವೆಗಿಂತ ಹಟ ದೊಡ್ಡದೆಂಬುದು ನಮ್ಮ ಕಡೆಯವರಿಗೆ ಹೊಸ ಸಂಗತಿಯಲ್ಲ.

ಹಟದ ಮೂಲವನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ನಾನು ಅಧ್ಯಾಪಕನಾಗಿರುವ ಊರಿನಲ್ಲಿ ಬಾಡಿಗೆಯ ಮನೆಗೊಂದು ಕರಾರುಂಟು: ಒಲೆಯ ಮೇಲೆ ಮೀನು ಏರಕೂಡದು. ಕರಾರಿಗೆ ಸಹಿ ಮಾಡಿದವನು ನಾನೇ, ದೂರುವ ಹಕ್ಕಿಲ್ಲ. ಆದರೆ ಸಹಿಯ ಜೊತೆಗೆ ಇನ್ನೊಂದನ್ನೂ ಕೊಟ್ಟುಬಿಟ್ಟಿದ್ದೆ. ಮನೆತನದ ವೃತ್ತಿಯೇನೆಂದು ಯಾರಾದರೂ ಕೇಳಿದರೆ 'ಒಕ್ಕಲುತನ' ಎಂದು ಹೇಳಿ ಮಾತು ತಿರುಗಿಸುವುದು ರೂಢಿಯಾಗಿತ್ತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಜೊತೆಗಿದ್ದ ಕರಾವಳಿಯ ಮಿತ್ರನೊಬ್ಬ ವರ್ಷಗಳಿಂದ ಕರೆಯುತ್ತಿದ್ದ. "ಜೂನ್ 1ರಿಂದ ಜುಲೈ 31ರವರೆಗೆ ದೋಣಿ ಕಡಲಿಗೆ ಇಳಿಯುವುದಿಲ್ಲ, ಆಗ ಬಂದು ನನ್ನ ಮರ್ಯಾದೆ ತೆಗೆಯಬೇಡ. ಮಾಗಿಯಲ್ಲಿ ಬಾ ಮಾರಾಯ" ಎಂದಿದ್ದ. ನನ್ನ ಜೊತೆ ಹೊರಟವರು ನಮ್ಮ ಕಾಲೇಜಿನ ಗಣಿತದ ಮಿತ್ರರು. ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರ ಮನೆತನ, ಹುಟ್ಟಾ ಸಸ್ಯಾಹಾರಿಗಳು. ಕಾರೂ ಅವರದೇ. ಅವರೇಕೆ ಬಂದರೆಂದರೆ, ಕಡಲನ್ನು ಮನಸಾರೆ ನೋಡಿ ಬಹಳ ದಿನಗಳಾಗಿದ್ದುವಂತೆ.

ಹಿಂದಿನ ರಾತ್ರಿ ತಿಳವಳ್ಳಿಯಲ್ಲಿ ನನ್ನ ತಮ್ಮನ ಅತ್ತೆಯ ಮನೆಯಲ್ಲಿ ತಂಗಿದ್ದೆವು. ನಮ್ಮ ಮನೆಗೆ ಕರೆದೊಯ್ಯದೆ ಅಲ್ಲಿಗೇಕೆ ಕರೆದೊಯ್ದೆನೆಂಬುದನ್ನು ಜಾಣ ವಾಚಕರು ಆಗಲೇ ಊಹಿಸಿರಬಹುದು. ನಸುಕಿನಲ್ಲಿ, ಸೇವುಣರ ಕಾಲದ ಶಾಂತೇಶ್ವರ ದೇಗುಲದ ಕಡೆದ ಕಂಬಗಳಿಗೆ ಮಂಜು ಕವಿದಿರುವಾಗಲೇ, ಊರು ಬಿಟ್ಟೆವು. ಆನವಟ್ಟಿ, ಸೊರಬ, ಸಾಗರ ಹಿಂದೆ ಸರಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ದ್ವೀಪದಂತೆ ಮಾಡಿದ ತುಮರಿಯ ಕಡೆಗೆ ಮೊದಲು ಲಾಂಚ್ ಕಾಯಬೇಕಿತ್ತು. 2025ರ ಜುಲೈಯಲ್ಲಿ ತೆರೆದ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆಯ ಮೇಲೆ ಈಗ ನಿಮಿಷಗಳಲ್ಲಿ ದಾಟಿದೆವು. ಗಣಿತದ ಮಿತ್ರರು ಕಂಬಗಳನ್ನು ಎಣಿಸಹೋಗಿ ಲೆಕ್ಕ ತಪ್ಪಿದರು. ಕೊಲ್ಲೂರು ಕಳೆದು, ಕುಂದಾಪುರ, ಉಡುಪಿ ದಾಟಿ ಮಂಗಳೂರು ಮುಟ್ಟಿದಾಗ ಗಂಟೆ ಒಂದು.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲಿಗೆ ಸೇರುವೆಡೆಯ ಹಳೆಯ ಬಂದರು, ಅದರ ಓಣಿಗಳಲ್ಲೊಂದು ನಾರಾಯಣ ಹೋಟೆಲು. ಹಲವು ದಶಕಗಳಿಂದ ನಡೆಯುತ್ತಿರುವ ಈ ಊಟದ ಮನೆಗೆ ಹೊರನೋಟದ ವೈಭವ ಯಾವುದೂ ಇಲ್ಲ. ಇಲ್ಲಿ ನಿಮಗಾಗಿ ಮೇಜು ಕಾಯುವುದಿಲ್ಲ. ಮೇಜಿಗಾಗಿ ನೀವು ಕಾಯಬೇಕು. ಉಣ್ಣುವವರ ಬೆನ್ನ ಹಿಂದೆ ನಿಂತು, ಅವರ ಕೊನೆಯ ತುತ್ತನ್ನು ಎಣಿಸುವ ಅಸಭ್ಯತೆಯನ್ನು ಪ್ರಾಧ್ಯಾಪಕರೂ ವಕೀಲರೂ ಸಮಾನವಾಗಿ ಮಾಡುತ್ತಾರೆ. ಜಾಗ ಸಿಕ್ಕಿತು, ನಾವು ಮೂವರು, ನಾಲ್ಕನೆಯವರು ದಕ್ಕೆಯಲ್ಲಿ ಕೆಲಸ ಮಾಡಿ ಬಂದ ಒಬ್ಬ ಹಿರಿಯರು.

ಕುಚ್ಚಲಕ್ಕಿಯ ಅನ್ನ, ಮೀನಿನ ಸಾರು. ಆಮೇಲೆ ಹುರಿದ ಮೀನಿನ ತಟ್ಟೆ ಬಂತು: ಕಾಣೆ, ಅಂಜಲ್, ಬಂಗುಡೆ, ಕೆಂಪು ಮಸಾಲೆ ಮೆತ್ತಿಕೊಂಡು ಕಾವಲಿಯ ಬಿಸಿಯನ್ನು ಇನ್ನೂ ಬಿಡದವು. ಮಿತ್ರ ನನ್ನ ಪರವಾಗಿ ಕಾಣೆಯನ್ನು ಆರಿಸಿದ. ಗಣಿತದ ಮಿತ್ರರು ದಾರಿಯಲ್ಲೇ ಉಡುಪಿಯಲ್ಲಿ ಊಟ ಮುಗಿಸಿದ್ದರು. ಮುಂದೆ ನೀರಿನ ಲೋಟವಿಟ್ಟುಕೊಂಡು ಕುಳಿತಿದ್ದವರು ಒಮ್ಮೆ ಬಾಗಿ ಮೂಸಿ, "ಖರೆ ಹೇಳ್ತೀನ್ರೀ, ಇದು ನಮ್ಮ ಮೆಣಸಿನಕಾಯಿ ಬಣ್ಣ" ಎಂದರು. ಉತ್ಪ್ರೇಕ್ಷೆಯಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣದಿಂದಲೇ ಬ್ಯಾಡಗಿ ಮೆಣಸಿನಕಾಯಿ ಕರಾವಳಿಯ ಅಡುಗೆಮನೆಗಳನ್ನು ಗೆದ್ದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ನನಗೆ ಆಗ ನೆನಪಾದವನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ನಮ್ಮ ಹಾನಗಲ್ಲು ಸೀಮೆಯೂ ಅವನ ಆಳ್ವಿಕೆಗೆ ಒಳಪಟ್ಟಿತ್ತು. ಹನ್ನೆರಡನೆಯ ಶತಮಾನದ ಅವನ 'ಮಾನಸೋಲ್ಲಾಸ'ದಲ್ಲಿ ಮೀನಿನ ಬಗೆಗಳು, ಗಾಳದ ವಿನೋದ, ಮೀನಿನ ಪಾಕ ಎಲ್ಲವೂ ಉಂಟು. ವಾಸನೆ ಹೋಗಲು ಅರಿಸಿನದ ನೀರಿನ ಪ್ರಯೋಗವೂ ಅಲ್ಲಿದೆ. ಪಾಪ, ಆ ದೊರೆಗೆ ಮೆಣಸಿನಕಾಯಿ ಸಿಗಲಿಲ್ಲ. ಅದು ಪೋರ್ಚುಗೀಸರ ಹಡಗನ್ನು ಕಾಯಬೇಕಿತ್ತು. ಈ ಪಾಂಡಿತ್ಯವನ್ನೆಲ್ಲ ಅಲ್ಲಿಯೇ ಬಿಚ್ಚಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎದುರಿನ ಹಿರಿಯರು ನನ್ನ ಬೆರಳುಗಳನ್ನೇ ನೋಡುತ್ತ, "ನೀವು ಘಟ್ಟದ ಮೇಲಿನವರಲ್ವಾ? ಮುಳ್ಳು ಬಿಡಿಸುವ ಕೈ ಮಾತ್ರ ನಮ್ಮವರದ್ದರ ಹಾಗೆ ಉಂಟು" ಎಂದರು.

'ಒಕ್ಕಲುತನ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಸುತ್ತಲೂ ಜನ ಮೀನಿನ ಹೆಸರುಗಳನ್ನು ಗಟ್ಟಿಯಾಗಿ ಕೂಗಿ ತರಿಸಿಕೊಳ್ಳುತ್ತಿದ್ದರು. ಒಬ್ಬರಿಗೂ ಸಂಕೋಚವಿರಲಿಲ್ಲ. "ನಾವೂ ಮೀನಿನವರೇ, ಅಜ್ಜಾರೆ. ಕೆರೆಯ ಮೀನಿನವರು. ನಮ್ಮಪ್ಪ ಬಲೆ ಬೀಸುತ್ತಿದ್ದ, ನಮ್ಮವ್ವ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದಳು" ಎಂದೆ.

ಆ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಕೆರೆಯಲ್ಲಿ ಯಾವ ಮೀನು, ಎಷ್ಟು ತೂಕ, ಕೆಸರಿನ ವಾಸನೆಗೆ ಏನು ಮಾಡುತ್ತೀರಿ ಎಂದು ವೃತ್ತಿಬಾಂಧವರಂತೆ ಕೇಳಿದರು. ನಾನು ಕೆರೆಬೇಟೆಯನ್ನು ವರ್ಣಿಸಿದೆ: ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಊರೂರಿನ ಜನ ಕೂಣಿ ಹೊತ್ತು ದಡದಲ್ಲಿ ಸೇರುವುದು, ಸನ್ನೆಯಾದೊಡನೆ ಒಮ್ಮೆಲೇ ಧುಮುಕುವುದು, ಕೆಳಗೆ ಅಗಲ, ಮೇಲೆ ಕಿರಿದಾದ ಆ ಬಿದಿರ ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈಯಿಳಿಸಿ, ಒಳಗೆ ಒದ್ದಾಡುವುದು ಮೀನೋ ಹಾವೋ ಎಂದು ಬೆರಳಿನಿಂದಲೇ ತಿಳಿಯುವುದು. ಹಿರಿಯರು ಉಣ್ಣುವುದನ್ನೇ ಮರೆತರು. ಹಿಂದೆ ನಿಂತು ಕಾಯುತ್ತಿದ್ದವರು ಮಾತ್ರ ಮರೆಯಲಿಲ್ಲ, ಕೆಮ್ಮಿದರು.

ಗಣಿತದ ಮಿತ್ರರು ಏನೂ ಆಡಲಿಲ್ಲ. ಹೊರಗೆ ಬಂದು ಕೈಯೊರೆಸಿಕೊಳ್ಳುವಾಗ, "ಆರು ವರ್ಷ ಒಂದೇ ಸ್ಟಾಫ್ ರೂಮಿನಾಗ ಕುಂತೀವಿ. ಹೇಳಬಾರದಾಗಿತ್ತೇನ್ರೀ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಮಿತ್ರ ಅವ್ವನಿಗೆಂದು ಕಟ್ಟಿಸಿದ ಅಂಜಲಿನ ಪೊಟ್ಟಣ ನನ್ನ ಕೈಯಲ್ಲಿತ್ತು. ಅವರ ಕಾರಿನಲ್ಲಿ ಅದನ್ನು ಎಲ್ಲಿಡುವುದೆಂದು ತಡವರಿಸಿದೆ. ಅವರೇ ಇಸಿದುಕೊಂಡು ಹಿಂದಿನ ಸೀಟಿನಲ್ಲಿ, ತಮ್ಮ ಶಾಲನ್ನು ಒತ್ತುಕೊಟ್ಟು ಇಟ್ಟರು. ಕಿಟಕಿ ಮಾತ್ರ ಕೊಲ್ಲೂರಿನವರೆಗೂ ತೆರೆದೇ ಇತ್ತು.

ತಿಳವಳ್ಳಿ ಸೇರಿದಾಗ ರಾತ್ರಿ ಹನ್ನೊಂದು ಮೀರಿತ್ತು. ಈ ಸಲ ಕಾರನ್ನು ನೇರವಾಗಿ ನಮ್ಮ ಮನೆಯ ಓಣಿಗೆ ತಿರುಗಿಸಲು ಹೇಳಿದೆ. ಅವ್ವ ಎದ್ದು ದೀಪ ಹಾಕಿ, ಅತಿಥಿಗಳಿಗೆ ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಅವರು ಕುಡಿದು ಇನ್ನೊಂದು ಲೋಟ ಕೇಳಿದರು. ಅಂಜಲಿನ ಚೂರೊಂದನ್ನು ಬಾಯಿಗಿಟ್ಟುಕೊಂಡ ಅವ್ವ ಬಹಳ ಹೊತ್ತು ಯೋಚಿಸಿದಳು.

"ಮಸಾಲಿ ಚಲೋ ಐತಿ" ಎಂದಳು. "ಮೀನ ನಮ್ಮ ಕೆರೀದಂಗ ಇಲ್ಲ ಬಿಡು."

"ಮಸಾಲಿ ನಮ್ಮದಬೇ" ಎಂದರು ಗಣಿತದ ಮಿತ್ರರು, ಮೀಸೆಯ ಮೇಲಿನ ಮಜ್ಜಿಗೆ ಒರೆಸಿಕೊಳ್ಳುತ್ತ.